ಮೇಪಲ್ ಗಾಣದಲ್ಲಿ ತುಪ್ಪವಿಲ್ಲದ ಊಟ

ಮಾಂಟ್ರಿಯಲ್, ಇಳಿದ ದಿನ

ಪುಣೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದ ನಮ್ಮಂಥ ಕನ್ನಡದವರಿಗೆ ಒಂದು ರೋಗವಿದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದ ಕೂಡಲೇ ಮರಾಠಿ. ಇದು ಪುಣೆಯ ನಮ್ಮ ಕೋಥರೂಡವಲ್ಲ, ಪರದೇಶ ಎಂದು ನಾಲಿಗೆಗೆ ಯಾರು ತಿಳಿಹೇಳಬೇಕು? ಮಾಂಟ್ರಿಯಲ್ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆರೆಸಿದ ಅಧಿಕಾರಿಣಿಗೆ ನಾನು, "ತಾಈ, ಗೂಳ ಆಹೆ, ಗೂಳ" ಎಂದುಬಿಟ್ಟೆ, ಅಕ್ಕಾ, ಇದು ಬೆಲ್ಲ ಎಂದು. ಅವಳು ಕೈಗವಸು ಹಾಕಿಕೊಂಡು ನನ್ನ ಬೆಲ್ಲದ ಪೆಂಟೆಯನ್ನು ಮೂಸಿದಳು. ಇನ್ನೊಬ್ಬನನ್ನು ಕರೆದು ಅವನಿಗೂ ಮೂಸಲು ಕೊಟ್ಟಳು. ಕೊನೆಗೆ ನಾನೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ ತೋರಿಸಿದೆ. ನಾನು ಅಲ್ಲಿಯೇ ಸಾಯಲಿಲ್ಲವೆಂದು ಖಾತ್ರಿಯಾದ ಮೇಲೆ ಬಿಟ್ಟರು.

ಬೆಲ್ಲ ಕೊಟ್ಟವರು ನಮ್ಮ ಯಜಮಾನರು. ಅವರದು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ದಲಾಲಿ ಅಂಗಡಿ. ನನ್ನ ಜೊತೆ ಬರಲು ಒಪ್ಪಲಿಲ್ಲ. "ನಾ ಬಂದು ಏನ್ ನೋಡ್ಲಿ? ಆಕಿ ಇಲ್ಲದ ಖೋಲಿ ನೋಡ್ಲೇನು?" ಎಂದರು. ಹೊರಡುವ ಮುಂಜಾನೆ ಪೆಂಟೆಯನ್ನು ಪಂಜೆಯ ತುಂಡಿನಲ್ಲಿ ಸುತ್ತಿ ಕೈಗಿಟ್ಟು, "ಅಲ್ಲೆ ಗಿಡದ ಹಾಲಿನಿಂದ ಬೆಲ್ಲಾ ಮಾಡೂ ಮುದುಕ ಅದಾನಂತ. ರಶ್ಮಿ ಭಾಳ ಹೇಳತಿದ್ಲು. ಅವಗ ಕೊಡು" ಎಂದರು. ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ನನ್ನನ್ನು ಕಳಿಸಿಕೊಡಲು ನಿಲ್ಲಲಿಲ್ಲ.

ರಶ್ಮಿ ನಮ್ಮ ಒಬ್ಬಳೇ ಮಗಳು. ಪ್ರಾಣಿಗಳ ದವಾಖಾನೆಯ ಕೆಲಸ ಕಲಿಯಲು ಕೆನಡಾಕ್ಕೆ ಹೋಗಿ ಅಲ್ಲಿಯೇ ನೌಕರಿ ಹಿಡಿದವಳು. ಎರಡು ವರ್ಷದ ಹಿಂದೆ, ಜನವರಿಯಲ್ಲಿ, ಹಿಮದ ಮೇಲೆ ಜಾರಿದ ಲಾರಿಯೊಂದು ಅವಳನ್ನು ನಮ್ಮಿಂದ ಕಿತ್ತುಕೊಂಡಿತು. ವೀಸಾ ಸಮಯಕ್ಕೆ ಸಿಗಲಿಲ್ಲ. ಮಗಳ ದಹನವನ್ನು ನಾವು ಕೋಥರೂಡದ ಮನೆಯ ಸೋಫಾದ ಮೇಲೆ ಕುಳಿತು ಮೊಬೈಲಿನಲ್ಲಿ ನೋಡಿದೆವು. ನಡುವೆ ನೆಟ್‌ವರ್ಕ್ ಹೋಯಿತು, ಮತ್ತೆ ಬಂತು.

ಈಗ ಅವಳ ಜೊತೆ ಒಂದೇ ಮನೆಯಲ್ಲಿದ್ದ ಗೆಳತಿ ಚೈತ್ರಾ ಮನೆ ಬದಲಿಸುತ್ತಿದ್ದಳು. ರಶ್ಮಿಯ ಸಾಮಾನು ಏನು ಮಾಡಲಿ ಎಂದು ಕೇಳಿದಳು. ನಾನೇ ಬರುತ್ತೇನೆ ಎಂದೆ. ಸಾಮಾನು ನೆಪ. ನನಗೆ ಒಂದು ಮಾತು ತಿಳಿಯಬೇಕಿತ್ತು: ನನ್ನ ಮೇಲಿನ ಸಿಟ್ಟು ಇಟ್ಟುಕೊಂಡೇ ಅವಳು ಹೋದಳೇ?

ರಶ್ಮಿಯ ಕೋಣೆ

ಸಿಟ್ಟಿನ ಕಾರಣ ಹೇಳಿಬಿಡುತ್ತೇನೆ. ನನ್ನ ಪ್ರವಾಸದಲ್ಲಿ ನೋಡುವ ಜಾಗಗಳಿಗಿಂತ ಇದೇ ದೊಡ್ಡದು.

ಪುಣೆಯಲ್ಲಿದ್ದಾಗ ರಶ್ಮಿ ಒಮ್ಮೆ ಸಾಸವಡದ ಹತ್ತಿರ ಒಂದು ದನದ ಕೊಟ್ಟಿಗೆಗೆ ಪ್ರಾಣಿಗಳ ದವಾಖಾನೆಯವರ ಜೊತೆ ಹೋಗಿದ್ದಳು. ಅಲ್ಲಿ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಎಮ್ಮೆಯ ಮುಂದೆ ನಿಲ್ಲಿಸಿ ಹಾಲು ಕರೆಯುತ್ತಿದ್ದರಂತೆ. ಎಮ್ಮೆ ಆ ಹುಲ್ಲಿನ ಕರುವನ್ನು ನೆಕ್ಕುತ್ತಿತ್ತಂತೆ. ಮನೆಗೆ ಬಂದವಳು ಚಹಾ ಮುಟ್ಟಲಿಲ್ಲ. ಹಾಲು, ಮೊಸರು, ತುಪ್ಪ, ಜೇನು, ಎಲ್ಲ ಬಿಟ್ಟಳು. ಇದಕ್ಕೆ ವೀಗನ್ ಎನ್ನುತ್ತಾರೆ ಎಂದು ನನಗೆ ಆಗ ಗೊತ್ತಾಯಿತು.

ನನ್ನ ಅಡಿಗೆಯ ಸೊಕ್ಕು ನನಗೆ. ತುಪ್ಪವಿಲ್ಲದ ಅನ್ನ ಸೂತಕದ ಮನೆಯ ಅನ್ನ ಎಂದು ನಂಬಿ ಬೆಳೆದವಳು ನಾನು. ಹುಡುಗಿ ಬಡಕಲಾಗುತ್ತಿದೆ, ನಾಳೆ ಬಾಣಂತನ ಹೇಗೆ, ಎಂದು ಇಲ್ಲದ್ದನ್ನೆಲ್ಲ ಚಿಂತಿಸಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಮಾಡಿದೆ. ಅವಳಿಗೆಂದು ಬೇರೆ ಹಂಚು, ಬೇರೆ ಡಬ್ಬಿ ತಂದೆ. ಅವಳು ಎಷ್ಟು ಖುಷಿಪಟ್ಟಳು! ಆಮೇಲೆ ಅದೇ ಹಂಚಿನ ಚಪಾತಿಯ ಹಿಟ್ಟಿಗೆ ಕೆನೆ ಸೇರಿಸಿದೆ, ಬೇಳೆಯ ಒಗ್ಗರಣೆಗೆ ತುಪ್ಪ ಹಾಕಿದೆ. ಎಂಟು ತಿಂಗಳು. ಚೂರು ಚೂರು. ಅಷ್ಟಕ್ಕೆ ಏನಾಗುತ್ತದೆ, ಗೊತ್ತಾಗುವುದಿಲ್ಲ ಎಂದುಕೊಂಡೆ.

ಹೋಳಿ ಹುಣ್ಣಿಮೆಯ ದಿನ ಎದುರು ಮನೆಯ ಕುಲಕರ್ಣಿ ಕಾಕೂ ಬಂದರು. ರಶ್ಮಿಯ ತಟ್ಟೆಯಿಂದಲೇ ಹೋಳಿಗೆಯ ತುಂಡು ಮುರಿದು ಬಾಯಿಗಿಟ್ಟುಕೊಂಡು, "ಪುರಣಾತ ತೂಪ ಘಾತಲಂಯ್ ಕಾ? ವಾಸ ಮಸ್ತ ಯೇತೋಯ!" ಎಂದರು. ಹೂರಣದಲ್ಲಿ ತುಪ್ಪ ಹಾಕಿದ್ದೀರಾ, ವಾಸನೆ ಎಷ್ಟು ಚೆನ್ನಾಗಿದೆ ಎಂದು ಹೊಗಳಿದರು, ಪಾಪ.

ಕಾಕೂ ಹೋದ ಮೇಲೆ ರಶ್ಮಿ ಕೇಳಿದಳು. "ಅವ್ವಾ, ತುಪ್ಪಾ ಹಾಕೀಯೇನು?"

"ಎರಡ ಚಮಚಾ ಹಾಕೀನಿ. ಏನ್ ವಿಷಾ ಹಾಕೀನೇನ ನಾ?"

"ಎಷ್ಟ ದಿನದಿಂದ?"

ನಾನು ಹೋಳಿಗೆಯ ಡಬ್ಬಿಯ ಮುಚ್ಚಳ ಹಾಕಿದೆ. ಅವಳು ತಟ್ಟೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಎದ್ದಳು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಮುಗಿಯುತ್ತಿತ್ತು. ಅಂದಿನಿಂದ ತನ್ನ ಅಡಿಗೆ ತಾನೇ ಮಾಡಿಕೊಂಡಳು. ಆರು ತಿಂಗಳಿಗೆ ಕೆನಡಾಕ್ಕೆ ಹೊರಟಳು. ಫೋನಿನಲ್ಲಿ ಅಪ್ಪನ ಜೊತೆ ಅರ್ಧ ತಾಸು ಬೆಲ್ಲದ ಮಾತು, ಗಾಣದ ಮಾತು. ನನ್ನ ಕೈಗೆ ಬಂದರೆ, "ಊಟಾ ಆತೇನವ್ವಾ?" ಅಷ್ಟೇ. ಏನು ಅಡಿಗೆ ಎಂದು ಮಾತ್ರ ಯಾವತ್ತೂ ಕೇಳಲಿಲ್ಲ. ತಾಯಿ ಮಗಳಿಗೆ ತಪ್ಪಾಯಿತು ಎನ್ನುವ ರೂಢಿ ನಮ್ಮಲ್ಲಿಲ್ಲ. ಮುಂದಿನ ಸಲ ಬಂದಾಗ ಎಣ್ಣೆಯಲ್ಲಿ ಹೋಳಿಗೆ ಮಾಡಿ ಬಡಿಸಿದರೆ ಅವಳಿಗೆ ತಿಳಿಯುತ್ತದೆ ಎಂದುಕೊಂಡೆ. ಟಿಕೆಟ್ ತುಟ್ಟಿ, ರಜೆ ಇಲ್ಲ ಎಂದು ಅವಳು ನಾಲ್ಕು ವರ್ಷ ಬರಲಿಲ್ಲ. ಆಮೇಲೆ ಆ ಜನವರಿ ಬಂತು.

ಚೈತ್ರಾ ಹಾಸನದ ಹುಡುಗಿ. ನನ್ನನ್ನು ಆಂಟಿ ಎನ್ನುತ್ತಾಳೆ, ಅರ್ಧ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ, ಊಟಕ್ಕೆ ಕೂತಾಗ ಮೊದಲು ನನಗೇ ಬಡಿಸುತ್ತಾಳೆ. ರಶ್ಮಿಯ ಸಾಮಾನೆಲ್ಲ ಎರಡು ರಟ್ಟಿನ ಪೆಟ್ಟಿಗೆಯಲ್ಲಿತ್ತು. ಬಟ್ಟೆ, ಪುಸ್ತಕ, ನಾಯಿಗಳ ಫೋಟೋ. ತಳದಲ್ಲಿ ನಾಲ್ಕು ಖಾಲಿ ತಗಡಿನ ಡಬ್ಬಿ, ಮೇಲೆ ಕೆಂಪು ಎಲೆಯ ಚಿತ್ರ.

"ಇವು ಮೇಪಲ್ ಸಿರಪ್ ಡಬ್ಬ ಆಂಟಿ. ಪ್ರತಿ ವರ್ಷ ಒಂದು ತರ್ತಿದ್ಲು. ಬಿಸಾಕೋಕೆ ಬಿಡ್ತಿರಲಿಲ್ಲ," ಎಂದಳು ಚೈತ್ರಾ. "ನಾಳೆ ಅಲ್ಲಿಗೇ ಹೋಗೋಣ. ಅವಳು ಹೋದ್ಮೇಲೆ ನಾನೂ ಹೋಗಿಲ್ಲ."

ಕಾಡಿನ ದಾರಿ

ಮಾರ್ಚ್ ಮುಗಿಯುತ್ತಿತ್ತು. ಪುಣೆಯಲ್ಲಿ ಆಗಲೇ ಮಾವಿನಕಾಯಿ, ಉರಿಬಿಸಿಲು. ಇಲ್ಲಿ ಎರಡು ತಾಸು ಕಾರಿನಲ್ಲಿ ಹೋದರೂ ಬಿಳಿಯದೇ ಕಾಣುತ್ತಿತ್ತು. ಚೈತ್ರಾ ಹೇಳಿದಳು: ಈಗ ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಚೂರು ಬಿಸಿಲು. ಹೀಗಿದ್ದಾಗ ಮಾತ್ರ ಮೇಪಲ್ ಮರದಲ್ಲಿ ರಸ ಇಳಿಯುತ್ತದೆ. ಕೆಲವೇ ವಾರದ ಸುಗ್ಗಿ.

ಕಾರಿನಿಂದ ಇಳಿದು ಎರಡು ಹೆಜ್ಜೆ ಇಟ್ಟೆ. ಮೂರನೆಯದು ಮೊಣಕಾಲ ತನಕ ಹೂತಿತು. ಕಾಲು ಮೇಲೆ ಬಂತು, ಬೂಟು ಬರಲಿಲ್ಲ. ಸೀರೆ ಎತ್ತಿ ಹಿಡಿದು ಒಂಟಿಕಾಲಲ್ಲಿ ನಿಂತು, ಅಲ್ಲಿ ಹೋಗುತ್ತಿದ್ದ ಗಂಡಸಿಗೆ "ಅಹೋ, ಥಾಂಬಾ ಜರಾ!" ಎಂದು ಮರಾಠಿಯಲ್ಲಿ ಕೂಗಿದೆ. ಆತ ನಿಂತ, ಹಿಮ ತೋಡಿ ಬೂಟು ತೆಗೆದ, ಒಳಗಿನ ಹಿಮ ಕೊಡವಿ, ಮಂಡಿಯೂರಿ ನನ್ನ ಕಾಲಿಗೆ ಹಾಕಿ ಹೋದ. ಯಾವ ಭಾಷೆಯಲ್ಲಿ ಕೂಗಿದರೂ ಸಂಕಟದಲ್ಲಿರುವವರು ತಿಳಿಯುತ್ತಾರೆ ಎಂದು ಕಾಣುತ್ತದೆ.

ಮರಕ್ಕೊಂದು ತಗಡಿನ ಬಕೆಟ್ ತೂಗುಬಿಟ್ಟಿದ್ದರು. ಒಂದರ ಮುಚ್ಚಳ ಎತ್ತಿ ಬೆರಳು ಅದ್ದಿ ನೆಕ್ಕಿದೆ. ನೀರು! ಯಾರಾದರೂ ಕೇಳಿದರೆ ಮಾತ್ರ ಸಿಹಿ ಎನ್ನಬಹುದಾದಷ್ಟು ಸಿಹಿ. ಇಂಥ ನಲವತ್ತು ಬಕೆಟ್ ಕುದಿಸಿದರೆ ಒಂದು ಬಕೆಟ್ ಸಿರಪ್ ಆಗುತ್ತದಂತೆ. ಕಬ್ಬು ನಮಗೆ ಎಷ್ಟು ಧಾರಾಳಿ ಎಂದು ಅಂದು ತಿಳಿಯಿತು. ದೂರದಲ್ಲಿ ಮರದ ಮನೆಯೊಂದರ ಮಾಡಿನಿಂದ ಬಿಳಿ ಹಬೆ ಏಳುತ್ತಿತ್ತು. ನಮ್ಮ ಕಡೆ ಗಾಣ ಎನ್ನುತ್ತೇವೆ, ಹಾಸನದ ಚೈತ್ರಾ ಆಲೆಮನೆ ಎಂದಳು. ವಾಸನೆ ಬಂದಾಗ ಇಬ್ಬರೂ ಹೆಜ್ಜೆ ನಿಲ್ಲಿಸಿದೆವು. ಅದು ಬೆಲ್ಲ ಕಾಯುವ ವಾಸನೆಯೇ. ಮಹಾಲಿಂಗಪುರದ ನಮ್ಮ ಮಾವನವರ ಗಾಣದಲ್ಲಿ ಐದು ವರ್ಷದ ರಶ್ಮಿ ಕಡಾಯಿಯ ಸುತ್ತ ಓಡಾಡುತ್ತಿದ್ದಾಗ ಬರುತ್ತಿದ್ದ ವಾಸನೆ.

ಊಟದ ಮನೆ

ಒಳಗೆ ಉದ್ದುದ್ದ ಹಲಗೆಯ ಮೇಜುಗಳು, ಬೆಂಚುಗಳು. ಇಲ್ಲಿ ಗುರುತಿಲ್ಲದವರ ಪಕ್ಕವೇ ಕೂರುವುದು ಪದ್ಧತಿ, ನಮ್ಮ ಮದುವೆ ಪಂಕ್ತಿಯ ಹಾಗೆ. ಒಬ್ಬ ಮುದುಕ ಎರಡು ಮರದ ಚಮಚಗಳನ್ನು ತೊಡೆಗೆ ಬಡಿದು ತಾಳ ಹಾಕುತ್ತಿದ್ದ, ಊಟ ಬಿಟ್ಟು ಕೆಲವರು ಕಾಲು ಕುಟ್ಟುತ್ತಿದ್ದರು. ಎಲ್ಲ ಮೇಜಿನ ಮೇಲೂ ಹಂದಿ, ಮೊಟ್ಟೆ. ಕಿಟಕಿಯ ಬಳಿ ಒಂದು ಮೇಜಿಗೆ ಮಾತ್ರ ಹಸಿರು ಬಟ್ಟೆ ಹಾಸಿದ್ದರು. ಅದು ವೀಗನ್ನರ ಮೇಜು. ಅಲ್ಲಿ ಕೂತೆವು.

ನನ್ನ ಪಕ್ಕದವನು ಕೈ, ಕತ್ತು, ಕಿವಿಯ ಹಿಂದೆ ಕೂಡ ಹಚ್ಚೆ ಹಾಕಿಸಿಕೊಂಡ ದೈತ್ಯ. ಇಂಥವನು ಸೊಪ್ಪು ತಿನ್ನುವವನೇ ಎಂದು ನೋಡುತ್ತ ಕೂತೆ. ಹಳದಿ ಬಟಾಣಿಯ ಸಾರು ಬಂತು, ಒಗ್ಗರಣೆ ಕಾಣದ ನಮ್ಮ ಬೇಳೆಕಟ್ಟು. ಬೀನ್ಸಿನ ಒಣಕಾಳು, ಸಿಹಿಯಾಗಿ ಬೇಯಿಸಿದ್ದು. ಮೊಟ್ಟೆಯ ಬದಲು ಸೋಯಾದ ಪನೀರು ಪುಡಿಮಾಡಿ ಅರಿಸಿನ ಹಾಕಿ ಹುರಿದದ್ದು. ಆಲೂಗಡ್ಡೆ, ಬೀಟ್‌ರೂಟಿನ ಉಪ್ಪಿನಕಾಯಿ. ಎಲ್ಲದರ ಮೇಲೂ ಮೇಪಲ್ ಸಿರಪ್ ಸುರಿದುಕೊಳ್ಳುತ್ತಾರೆ. ಉಪ್ಪಿನಕಾಯಿಯ ಮೇಲೂ! ನಾನು ಪರ್ಸಿನಿಂದ ಶೇಂಗಾ ಚಟ್ನಿಪುಡಿ ತೆಗೆದು ಉದುರಿಸಿಕೊಂಡೆ. ಹಚ್ಚೆಯವನು ಕೈಚಾಚಿದ. ಕೊಟ್ಟೆ. ಬಿಕ್ಕಳಿಸಿದ, ಕಣ್ಣೊರೆಸಿಕೊಂಡ, ಮತ್ತೆ ಕೈಚಾಚಿದ.

ಆಗ ಗಾಣದ ಯಜಮಾನ ಬಂದ. ಮಾರ್ಸೆಲ್ ಎಂದು ಹೆಸರು, ಎಪ್ಪತ್ತು ದಾಟಿರಬೇಕು, ಬೆರಳೆಲ್ಲ ಸುಟ್ಟ ಕಲೆ. ಚೈತ್ರಾಳನ್ನು ಅಪ್ಪಿಕೊಂಡ. ಅವನದು ಫ್ರೆಂಚ್, ನನಗೆ ತಿಳಿಯದು. ಚೈತ್ರಾ ನನ್ನತ್ತ ಕೈತೋರಿ ಏನೋ ಹೇಳಿದಳು. ಅವನು ಟೋಪಿ ತೆಗೆದ. ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ನಾನು ಬೆಲ್ಲ ಕೊಟ್ಟೆ. ಮೂಸಿದ, ಉಗುರಿನಿಂದ ಕೆರೆದು ನಾಲಿಗೆಗಿಟ್ಟುಕೊಂಡು ಕಣ್ಣು ಮುಚ್ಚಿದ. ಮಾರ್ಕೆಟ್ ಯಾರ್ಡಿನಲ್ಲಿ ನಮ್ಮವರು ಬೆಲ್ಲ ಪರೀಕ್ಷಿಸುವುದೂ ಹಾಗೆಯೇ.

ಒಳಗೆ ಹೋಗಿ ಒಂದು ತಟ್ಟೆ ತಂದ. ತಟ್ಟೆಯಲ್ಲಿ ಹೋಳಿಗೆ!

ಅಂಚು ದಪ್ಪ, ನಡುವೆ ತೂತು, ಮೊದಲ ಸಲ ಹೋಳಿಗೆ ಲಟ್ಟಿಸಿದ ಸೊಸೆಯ ಕೈಯದರಂತೆ. ಆದರೂ ಹೋಳಿಗೆಯೇ. ಹಳದಿ ಬಟಾಣಿ ರುಬ್ಬಿ ಮೇಪಲ್ ಸಕ್ಕರೆಯಲ್ಲಿ ಹೂರಣ ಮಾಡಿದ್ದು, ಎಣ್ಣೆಯಲ್ಲಿ ಬೇಯಿಸಿದ್ದು.

"ರಶ್ಮಿನೇ ಕಲಿಸಿದ್ದಂತೆ ಆಂಟಿ," ಚೈತ್ರಾ ತಲೆ ತಗ್ಗಿಸಿ ಕನ್ನಡ ಮಾಡಿದಳು. "ಈ ಟೇಬಲ್ಲೇ ಅವಳಿಂದ ಶುರುವಾಗಿದ್ದಂತೆ. ಅವಳು ಹೇಳ್ತಿದ್ಲಂತೆ, ನಮ್ಮಮ್ಮಂಗೆ ನನ್ನ ವಿಚಾರ ಇಷ್ಟ ಇಲ್ಲ, ಆದ್ರೂ ನನಗೋಸ್ಕರ ಬೇರೆ ಹಂಚು ತಂದ್ರು, ಒಂದು ಹನಿ ತುಪ್ಪ ತಾಗದ ಹಾಗೆ ಮಾಡ್ತಾರೆ ಅಂತ. ಇವರು ನಿಮ್ಮನ್ನ ನೋಡ್ಬೇಕು ಅಂತಾನೇ ಇದ್ರಂತೆ."

ಮೇಜಿನವರೆಲ್ಲ ನನ್ನತ್ತ ನೋಡಿದರು. ಹಚ್ಚೆಯವನು ಎದೆಗೆ ಕೈಯಿಟ್ಟು ತಲೆ ಬಾಗಿಸಿದ. ನನಗೆ ನಾಚಿಕೆಯಾಯಿತು. ಅಂಥ ನಾಚಿಕೆ ನನ್ನ ಜನ್ಮದಲ್ಲಿ ಪಟ್ಟಿರಲಿಲ್ಲ.

ಕಡಾಯಿಯ ಮುಂದೆ

ಊಟವಾದ ಮೇಲೆ ಮಾರ್ಸೆಲ್ ನಮ್ಮಿಬ್ಬರನ್ನು ಒಲೆಯ ಮನೆಗೆ ಕರೆದೊಯ್ದ. ಉದ್ದನೆಯ ಉಕ್ಕಿನ ಕಡಾಯಿ, ಕೆಳಗೆ ಸೌದೆಯ ಬೆಂಕಿ, ಹಬೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣದು. ರಸ ಕುದಿಯುತ್ತ ನೊರೆ ಏರುತ್ತಿತ್ತು. ನಮ್ಮ ಗಾಣದಲ್ಲೂ ಹೀಗೆಯೇ ಉಕ್ಕುತ್ತದೆ. ಆಗ ಔಡಲೆಣ್ಣೆಯ ಹನಿ ಬಿಡುತ್ತಾರೆ, ನೊರೆ ಕುಳಿತುಕೊಳ್ಳುತ್ತದೆ.

ಕಡಾಯಿಯ ಮೇಲೆ ತೊಲೆಗೆ ಒಂದು ಖಾಲಿ ದಾರ ಜೋತಾಡುತ್ತಿತ್ತು. ಅದನ್ನು ತೋರಿಸಿ ಮಾರ್ಸೆಲ್ ಹೇಳುತ್ತ ಹೋದ, ಚೈತ್ರಾ ತಡೆದು ತಡೆದು ಕನ್ನಡ ಮಾಡಿದಳು. ಅವನ ಅಜ್ಜನ ಕಾಲದಿಂದ ಆ ದಾರಕ್ಕೆ ಹಂದಿಯ ಕೊಬ್ಬಿನ ತುಂಡು ಕಟ್ಟುತ್ತಿದ್ದರಂತೆ. ನೊರೆ ಏರಿ ಕೊಬ್ಬಿಗೆ ತಾಗಿದ ಕೂಡಲೇ ಇಳಿಯುತ್ತದೆ. ಹಸಿರು ಮೇಜು ಹಾಕಿದ ಮೊದಲ ವರ್ಷವೂ ತುಂಡು ಅಲ್ಲಿಯೇ ಇತ್ತು, ಆ ಸಿರಪ್ಪನ್ನೇ ಆ ಮೇಜಿಗೂ ಬಡಿಸುತ್ತಿದ್ದರು. ರಶ್ಮಿ ಕಡಾಯಿ ನೋಡಲು ಬಂದವಳು ಅದನ್ನು ಕಂಡು ನಿಂತುಬಿಟ್ಟಳು.

"ನಾನು ಹೇಳಿದೆ," ಎಂದ ಮಾರ್ಸೆಲ್, "ಇಷ್ಟು ಚೂರಿಗೆ ಏನಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು."

ನಾನು ಕಡಾಯಿಯ ಅಂಚಿನ ಕಟ್ಟಿಗೆಯ ಕಂಬ ಹಿಡಿದುಕೊಂಡೆ.

"ಅವಳು ಅತ್ತಳಂತೆ ಆಂಟಿ. ಆಮೇಲೆ ಹೇಳಿದ್ಲಂತೆ, ನನ್ನನ್ನ ಒಪ್ಪದೇ ಇರೋ ನಮ್ಮಮ್ಮ ಕೂಡ ನಂಗೆ ಹೀಗೆ ಮಾಡಿಲ್ಲ ಅಂತ. ಅವತ್ತೇ ಇವರು ಕೊಬ್ಬು ಬಿಚ್ಚಿ ಒಲೆಗೆ ಹಾಕಿದ್ರಂತೆ. ನಾಚ್ಕೆ ಆಯ್ತು, ಅದಕ್ಕೇ ದಾರ ಮಾತ್ರ ಹಾಗೇ ಬಿಟ್ಟಿದೀನಿ ಅಂತಿದ್ದಾರೆ. ಈಗ ಎಣ್ಣೆ ಹಾಕ್ತಾರೆ, ನಿಮ್ಮ ಯಜಮಾನರು ಫೋನಲ್ಲಿ ಹೇಳಿದ್ದಂತೆ."

ನನ್ನಿಂದ ತಡೆಯಲಾಗಲಿಲ್ಲ. "ಚೈತ್ರಾ, ಅವರಿಗೆ ಹೇಳವ್ವಾ. ಆಕಿ ಹೇಳಿದ್ದು ಖರೇ ಅಲ್ಲ. ನಾ ತುಪ್ಪಾ ಹಾಕೀನಿ. ಎಂಟ ತಿಂಗಳ ಆಕೀಗೆ ಹೇಳದೇ ಹಾಕೀನಿ."

ಚೈತ್ರಾ ನನ್ನ ತೋಳು ಹಿಡಿದಳು. "ನಂಗೊತ್ತು ಆಂಟಿ. ರಶ್ಮಿ ನಂಗೆ ಹೇಳಿದ್ಲು. ಬೇರೆ ಯಾರಿಗೂ ಹೇಳ್ಬೇಡ, ನಮ್ಮವ್ವನ ಹೆಸರು ಕೆಡಬಾರದು ಅಂದಿದ್ಲು."

"ಸಿಟ್ಟು ಹೋಗಿತ್ತೇನು ಆಕೀದು?"

ಅವಳು ನನ್ನ ತೋಳು ಬಿಟ್ಟಳು. "ಗೊತ್ತಿಲ್ಲ ಆಂಟಿ. ಹೋಗಿತ್ತು ಅಂತ ಸುಳ್ಳು ಹೇಳ್ಬೋದು, ಆದ್ರೆ ಹೇಳಲ್ಲ. ನಿಮ್ ಜೊತೆ ಮಾತಾಡಿ ಫೋನ್ ಇಟ್ಮೇಲೆ ಒಂದಷ್ಟು ಹೊತ್ತು ಫೋನ್ ಕೈಯಲ್ಲೇ ಹಿಡ್ಕೊಂಡು ಕೂತಿರ್ತಿದ್ಲು. ಅಷ್ಟು ನೋಡಿದೀನಿ." ಆಮೇಲೆ ಕೇಳಿದಳು, "ಇವರಿಗೆ ಹೇಳ್ಲಾ?"

ಮಾರ್ಸೆಲ್ ಇಬ್ಬರ ಮುಖವನ್ನೂ ನೋಡುತ್ತಿದ್ದ. ಹೇಳಿದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು. ಆದರೆ ಈ ಮುದುಕನ ಕಣ್ಣಿನಲ್ಲಿ ನನ್ನ ಮಗಳು ಸುಳ್ಳಿಯಾಗುತ್ತಿದ್ದಳು. ಹೆಣ್ಣುಮಗಳು ತವರಿನ ಹುಳುಕನ್ನು ಪರರ ಮುಂದೆ ಬಿಚ್ಚುವುದಿಲ್ಲ. ನಾನೇ ಅವಳಿಗೆ ಕಲಿಸಿದ ಪಾಠ ಅದು. ಅವಳು ಕೊನೆಯವರೆಗೂ ಪಾಲಿಸಿದ್ದಳು. ಉಪ್ಪು ತಿಂದವರು ನೀರು ಕುಡಿಯಬೇಕು; ಸಲ್ಲದ ಹೊಗಳಿಕೆ ಹೊತ್ತುಕೊಂಡು ಇರುವುದೇ ನನ್ನ ಪಾಲಿನ ನೀರು.

"ಬ್ಯಾಡ," ಎಂದೆ.

ನೊರೆ ಮತ್ತೆ ಏರಿತು. ಮಾರ್ಸೆಲ್ ಎಣ್ಣೆಯ ಬಾಟಲಿ, ಸಣ್ಣ ಚಮಚ ನನ್ನ ಕೈಗೆ ಕೊಟ್ಟು ಕಡಾಯಿಯತ್ತ ಸನ್ನೆ ಮಾಡಿದ. ಒಂದು ಹನಿ ಬಿಟ್ಟೆ. ಉಕ್ಕುತ್ತಿದ್ದದ್ದು ಸುಂಯ್ ಎಂದು ಇಳಿದು ತಳದ ಕೆಂಪು ರಸ ಕಂಡಿತು. "ತಪ್ಪಾತವ್ವಾ," ಎಂದು ಗಟ್ಟಿಯಾಗಿಯೇ ಹೇಳಿದೆ. ಏಳು ವರ್ಷ ತಡವಾಗಿ ಹೇಳಿದೆ. ಮಾರ್ಸೆಲ್ ಅದೇನೆಂದು ಕೇಳಲಿಲ್ಲ, ಚೈತ್ರಾ ಅದನ್ನು ಫ್ರೆಂಚಿಗೆ ತಿರುಗಿಸಲೂ ಇಲ್ಲ.

ಕೋಥರೂಡ

ತಿರುಗಿ ಬಂದು ಹದಿನೈದು ದಿನಕ್ಕೆ ಬಸವ ಜಯಂತಿ. ರಶ್ಮಿಯ ಹಂಚು ಅಟ್ಟದ ಮೇಲಿತ್ತು, ಇಳಿಸಿ ತಿಕ್ಕಿದೆ. ಕಣಕಕ್ಕೂ ಎಣ್ಣೆ, ಬೇಯಿಸಲೂ ಎಣ್ಣೆ. ಹೂರಣಕ್ಕೆ ಬೆಲ್ಲ, ಬೇಳೆ, ಏಲಕ್ಕಿ ಬಿಟ್ಟು ಏನೂ ಇಲ್ಲ. ಮೊದಲ ಹೋಳಿಗೆ ಅವಳ ಫೋಟೋದ ಮುಂದೆ ಇಟ್ಟೆ.

ನಮ್ಮವರು ತಟ್ಟೆಯ ಮುಂದೆ ಕೂತು, ರೂಢಿಯಂತೆ ತುಪ್ಪದ ಗಿಂಡಿಗೆ ಕೈ ಚಾಚಿದರು. ಗಿಂಡಿ ಇರಲಿಲ್ಲ. ಫೋಟೋದತ್ತ ನೋಡಿದರು, ಹಂಚಿನತ್ತ ನೋಡಿದರು. "ಮುದುಕಗ ನಮ್ಮ ಬೆಲ್ಲಾ ಹಿಡಿಸ್ತೇನು?" ಎಂದಷ್ಟೇ ಕೇಳಿ ಊಟ ಶುರು ಮಾಡಿದರು.

ಮಧ್ಯಾಹ್ನ ಕುಲಕರ್ಣಿ ಕಾಕೂ ಬಂದರು. ಅವರಿಗೆ ವಯಸ್ಸಾಗಿದೆ, ಮೂಗಿಗೆ ಮಾತ್ರ ಆಗಿಲ್ಲ. ಒಂದು ತುಂಡು ಮುರಿದು, ಮೂಸಿ, ಹುಬ್ಬು ಏರಿಸಿದರು. "ಆಜ ತೂಪ ನಾಹೀ ಘಾತಲಂ?" ಇವತ್ತು ತುಪ್ಪ ಹಾಕಿಲ್ಲವೇ ಎಂದು.

ನಾನು ಬಾಯಿ ತೆರೆದೆ. ಮನೆಯ ಹೊಸ್ತಿಲೊಳಗೇ ಇದ್ದೆ, ಆದರೂ ಮರಾಠಿಯಲ್ಲೇ ಹೇಳಬೇಕಿತ್ತು.

"ನಾಹೀ ಕಾಕೂ. ರಶ್ಮೀಚೀ ಆಹೆ." ಇದು ರಶ್ಮಿಯದು ಎಂದೆ.

ಕಾಕೂ ತುಂಡನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದು ಕೂತರು. ನಾನು ಪಕ್ಕದಲ್ಲಿ ಕೂತು, ಕಾಡಿನಲ್ಲಿ ಮುಚ್ಚಿಟ್ಟು ಬಂದ ಎಂಟು ತಿಂಗಳ ತುಪ್ಪದ ಮಾತನ್ನೆಲ್ಲ ಮೊದಲಿನಿಂದ ಅವರಿಗೆ ಹೇಳಿದೆ.